ತ್ರೀ ಫೇಸ್ ಹೊತ್ತಿನ ಬೀಸುಕಲ್ಲು

ಗುರವ್ವ ತೀರಿಕೊಂಡು ತಿಂಗಳು ತುಂಬುವ ಮೊದಲೇ ಮನೆಯಲ್ಲಿ ಬೀಸುಕಲ್ಲಿನ ಸಪ್ಪಳ ಶುರುವಾಯಿತು.

ಅದನ್ನು ಮೊದಲು ಕೇಳಿಸಿಕೊಂಡವಳು ಮೊಮ್ಮಗಳು ಐಶ್ವರ್ಯಾ. ಸುರೇಬಾನದ ಅಂಚಿಗೆ, ಹೊಲಕ್ಕೆ ಬೆನ್ನು ಕೊಟ್ಟು ನಿಂತ ಮನೆ ಅದು. ಮಧ್ಯಾಹ್ನದ ಊಟ ಮುಗಿಸಿ ಸೊಸೆ ನಾಗರತ್ನಾ ಮುಸುರೆ ಪಾತ್ರೆಗಳನ್ನು ಹಿತ್ತಲಿಗೆ ಒಯ್ದಿದ್ದಳು. ತೊಳೆದು ಒಳಗೆ ಬಂದರೆ ಮಗಳು ಪಡಸಾಲೆಯ ಟೈಲ್ಸಿನ ಮೇಲೆ ಬೋರಲು ಮಲಗಿ ಕಿವಿಯನ್ನು ನೆಲಕ್ಕೆ ಹಚ್ಚಿದ್ದಳು. ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಲು ಬಾಗಿದಾಗ ಅದು ನಾಗರತ್ನಾಳಿಗೂ ಕೇಳಿತು. ಗುಂಯ್ ಎಂದು ಏರಿ, ಇಳಿದು, ಮತ್ತೆ ಏರುವ ಸಪ್ಪಳ. ಗೂಟ ಎದೆಯ ಹತ್ತಿರ ಬಂದಾಗ ಕಲ್ಲು ಚೂರು ಭಾರವಾಗಿ, ಸುತ್ತು ದಾಟಿದ ಮೇಲೆ ಹಗುರವಾಗುತ್ತದಲ್ಲ, ಥೇಟ್ ಹಾಗೆ. ಆದರೆ ಬೀಸುಕಲ್ಲು ಮೂಲೆಯಲ್ಲಿತ್ತು. ಅದರ ಮೇಲಿನ ಕಲ್ಲನ್ನು ತೆಗೆದು ಗೋಡೆಗೆ ಒರಗಿಸಿದವಳು ನಾಗರತ್ನಾಳೇ.

“ಅಜ್ಜಿ ನುಚ್ಚು ಒಡಿಯಾಕತ್ಯಾಳ,” ಎಂದಳು ಐಶ್ವರ್ಯಾ. ಹೆದರಿದ ದನಿಯಲ್ಲ ಅದು. ಹಾಲು ಉಕ್ಕುತ್ತಿದೆ ಎಂದು ಹೇಳುವಷ್ಟೇ ಸಹಜವಾಗಿ ಹೇಳಿದಳು.

ಊರಲ್ಲಿ ಗಿರಣಿ ಬಂದು ಎಷ್ಟೋ ಕಾಲವಾದರೂ ಗುರವ್ವ ಜೋಳದ ನುಚ್ಚನ್ನು ಗಿರಣಿಗೆ ಕೊಟ್ಟವಳಲ್ಲ. ಅಲ್ಲಿ ಅದು ಸುಟ್ಟ ವಾಸನೆ ಹೊಡೆಯುತ್ತದೆ ಎನ್ನುತ್ತಿದ್ದಳು. ಸಾಲೆ ಇಲ್ಲದ ದಿನ ಐಶ್ವರ್ಯಾ ಎದುರಿಗೆ ಕೂತು ಗೂಟದ ಮೇಲೆ ಅಜ್ಜಿಯ ಕೈ ಜೊತೆ ತನ್ನ ಕೈ ಇಡುತ್ತಿದ್ದಳು. ಅಜ್ಜಿ ಹೋದ ದಿನ ಮಾತ್ರ ಅವಳು ಸಾಲಹಳ್ಳಿಯ ಸೋದರತ್ತೆಯ ಮನೆಯಲ್ಲಿದ್ದಳು. ಮಗು ಹೆದರೀತು, ಎಲ್ಲ ಮುಗಿದ ಮೇಲೆ ಕರೆಸಿದರಾಯಿತು ಎಂದು ಹಿರಿಯರು ಹೇಳಿದರು. ನಾಗರತ್ನಾ ಹೂಂ ಎಂದಳು. ಮಗಳು ಬಂದಾಗ ಮಣ್ಣು ಕೊಟ್ಟಾಗಿತ್ತು, ನೆಲ ಸಾರಿಸಿಯಾಗಿತ್ತು, ಅಜ್ಜಿಯ ಕೌದಿ ಒಗೆದು ಹಗ್ಗದ ಮೇಲೆ ಒಣಗುತ್ತಿತ್ತು. ಆಗಲೂ ಹುಡುಗಿ ಅಳಲಿಲ್ಲ. ಕೌದಿ ಹಸಿಯಾಗಿದೆಯೇ ಎಂದು ಮುಟ್ಟಿ ನೋಡಿದಳು.

ಸಪ್ಪಳ ಕೇಳಿಸಿದ ದಿನದಿಂದ ಐಶ್ವರ್ಯಾ ನೆಲ ಬಿಟ್ಟು ಏಳಲು ಒಲ್ಲೆ ಎಂದಳು. ಸಾಲೆಗೆ ಕಳಿಸಿದರೆ ಹಾದಿಯಿಂದಲೇ ಮರಳುತ್ತಿದ್ದಳು. ತಾಟನ್ನು ಅಲ್ಲಿಗೇ ತಂದಿಟ್ಟರೆ ಎರಡು ತುತ್ತು ಉಣ್ಣುತ್ತಿದ್ದಳು. ನಿಂತಾಗ ಲಂಗ ಸೊಂಟದಿಂದ ಜಾರಲು ಶುರುವಾಯಿತು. ಗಂಡ ಶ್ರೀಶೈಲ ಹೆಗ್ಗಣ ಇರಬೇಕು ಎಂದು ಮೂಲೆ ಮೂಲೆ ತಡಕಿದ. ಓಣಿಯ ಹೆಂಗಸರು ಸವದತ್ತಿ ಗುಡ್ಡಕ್ಕೆ ಕರೆದುಕೊಂಡು ಹೋಗಿ ಬಾ, ಯಾರದಾದರೂ ಕೈಯಿಂದ ದಾರ ಕಟ್ಟಿಸು ಎಂದರು. ಏನೂ ಇಲ್ಲ ಏಳವ್ವಾ ಎಂದು ಮಗಳಿಗೆ ಹೇಳಲು ನಾಗರತ್ನಾಳಿಗೆ ಬಾಯಿ ಬರಲಿಲ್ಲ. ಅದು ಅವಳಿಗೂ ಕೇಳುತ್ತಿತ್ತಲ್ಲ.

ಬೈಲಹೊಂಗಲ ಅವಳ ತವರೂರು. ಅಂಚೆ ಕಚೇರಿಯಿಂದ ನಿವೃತ್ತರಾದ ರಘೋತ್ತಮ ಎಂಬವರು ಅಲ್ಲಿ ‘ಯಾಕ-ಹೆಂಗ’ ಎಂಬ ವಾಟ್ಸಾಪ್ ಗುಂಪು ನಡೆಸುತ್ತಿದ್ದರು. ಪಿಯುಸಿಯಲ್ಲಿ ವಿಜ್ಞಾನ ಓದಿ ಅರ್ಧಕ್ಕೆ ಬಿಟ್ಟಿದ್ದ ನಾಗರತ್ನಾಳನ್ನು ತಮ್ಮ ಅದಕ್ಕೆ ಸೇರಿಸಿದ್ದ. ಚಂದ್ರ ಬಸ್ಸಿನ ಜೊತೆ ಯಾಕೆ ಬರುತ್ತಾನೆ, ಸೊನ್ನೆಯಿಂದ ಭಾಗಿಸಿದರೆ ಏನಾಗುತ್ತದೆ, ಕಂಪ್ಯೂಟರಿಗೆ ಬುದ್ಧಿ ಬಂದರೆ ಅದಕ್ಕೆ ಬೇಸರವೂ ಬರುತ್ತದೆಯೇ ಎಂದು ಅಲ್ಲಿ ದಿನವೂ ಜಗಳ ನಡೆಯುತ್ತಿತ್ತು. ಕಿತ್ತೂರಿನ ಸಮೀರ ಇಂಜಿನಿಯರಿಂಗ್ ಓದುವ ಹುಡುಗ. ಯಾವ ಪ್ರಶ್ನೆಗೂ ಅವನಿಂದ ಉದ್ದುದ್ದ ಉತ್ತರ ಬರುತ್ತಿತ್ತು. ಸವದತ್ತಿಯಲ್ಲಿ ಮೊಬೈಲ್ ಅಂಗಡಿ ಇಟ್ಟ ಬಸವಣ್ಣೆಪ್ಪ ಆ ಉತ್ತರದ ಕಾಲೆಳೆಯುತ್ತಿದ್ದ. ನಾಗರತ್ನಾ ರೊಟ್ಟಿ ಹೆಂಚಿನ ಮೇಲೆ ಬೇಯುವ ಹೊತ್ತಿನಲ್ಲಿ ಓದುತ್ತಿದ್ದಳೇ ಹೊರತು ಒಂದಕ್ಷರ ಬರೆದವಳಲ್ಲ.

ಆ ದಿನ ಬರೆದಳು. ಕೈಯ ಹಿಟ್ಟು ಒರೆಸಿಕೊಂಡು, ನಿಂತಲ್ಲೇ. ನೆಲದೊಳಗಿಂದ ಬೀಸುವ ಸಪ್ಪಳ ಬರುತ್ತದೆ, ಬೀಸುವವರು ತೀರಿಕೊಂಡಿದ್ದಾರೆ, ನನ್ನ ಮಗಳು ಅಲ್ಲಿಂದ ಏಳುತ್ತಿಲ್ಲ, ಇದು ಏನಿರಬಹುದು ಎಂದು.

ರೆಕಾರ್ಡ್ ಮಾಡಿ ಕಳಿಸಲು ಸಮೀರ ಹೇಳಿದ. ಅವಳು ಮೊಬೈಲನ್ನು ನೆಲದ ಮೇಲಿಟ್ಟು ರೆಕಾರ್ಡ್ ಮಾಡಿದಳು. ಕೇಳಿದರೆ ಅದರಲ್ಲಿ ಐಶ್ವರ್ಯಾಳ ಉಸಿರು ಬಿಟ್ಟು ಬೇರೇನೂ ಇರಲಿಲ್ಲ. ತೀರ ತಗ್ಗಿನ ದನಿಯನ್ನು ಮೊಬೈಲು ಹಿಡಿಯುವುದಿಲ್ಲ, ಅದರಲ್ಲಿ ಅಂಜುವಂಥದ್ದೇನಿಲ್ಲ ಎಂದು ಸಮೀರ ವಿವರಿಸಿದ. ಆದರೂ ನಾಗರತ್ನಾ ಆ ಉಸಿರನ್ನು ಮತ್ತೆ ಮತ್ತೆ ಕೇಳಿದಳು. ಒಂದೇ ಉಸಿರೋ ಎರಡೋ ಎಂದು ಯಾಕೋ ಗಟ್ಟಿಯಾಗಿ ಹೇಳಲು ಆಗಲಿಲ್ಲ.

ಮುಂದಿನ ವಾರ ಸಪ್ಪಳ ಮುಂಜಾನೆಗೆ ಬಂತು, ಅದರ ಮುಂದಿನ ವಾರ ಮತ್ತೆ ಮಧ್ಯಾಹ್ನಕ್ಕೆ. ಅದನ್ನೂ ಬರೆದಳು. ತಕ್ಷಣ ಬಸವಣ್ಣೆಪ್ಪನ ಉತ್ತರ ಬಂತು: “ಅಕ್ಕಾರ, ನಿಮ್ಮ ಅತ್ತಿಯವರು ಕರೆಂಟ್ ಆಫೀಸಿನಾಗ ಇದ್ರೇನ್ರಿ? ತ್ರೀ ಫೇಸ್ ಟೈಮಿಗೇ ಕರೆಕ್ಟ್ ಬರತಾರಲ್ಲ.”

ಯಾರೋ ನಗುವ ಚಿತ್ರ ಹಾಕಿದರು. ನಾಗರತ್ನಾ ಮೊಬೈಲನ್ನು ಹಿಟ್ಟಿನ ಡಬ್ಬಿಯ ಮೇಲೆ ಬೋರಲು ಹಾಕಿದಳು. ಕಣ್ಣು ಮಂಜಾಗಿ ರೊಟ್ಟಿ ಕರಕಾಯಿತು. ಸ್ವಲ್ಪ ಹೊತ್ತಿಗೆ ಬಸವಣ್ಣೆಪ್ಪ ಆ ಮಾತನ್ನು ಅಳಿಸಿ, ತಪ್ಪಾಯಿತು ಅಕ್ಕಾರ, ಮಗುವಿನ ವಿಷಯ ಅನ್ನುವುದನ್ನು ಮರೆತೆ ಎಂದು ಬರೆದ. ಆದರೆ ಮಾತು ಮನಸ್ಸಿನಿಂದ ಅಳಿಯಲಿಲ್ಲ. ಹೊಲದ ಮೋಟಾರುಗಳಿಗೆ ಕೊಡುವ ತ್ರೀ ಫೇಸ್ ಕರೆಂಟು ಒಂದು ವಾರ ಮುಂಜಾನೆ, ಒಂದು ವಾರ ಮಧ್ಯಾಹ್ನ ಬರುವುದು ನಿಜ. ಮರುದಿನ ಅವಳು ಹಿತ್ತಲ ಬಾಗಿಲಲ್ಲಿ ನಿಂತು ಕಾದಳು. ಬಾವಿಯ ಮೋಟಾರು ಚಾಲೂ ಆಯಿತು. ಒಳಗಿಂದ ಐಶ್ವರ್ಯಾ, “ಅವ್ವಾ, ಅಜ್ಜಿ ಕುಂತಳು,” ಎಂದಳು.

ಅದನ್ನು ಬರೆದಾಗ ಈ ಸಲ ಗುಂಪಿನಲ್ಲಿ ಯಾರೂ ನಗಲಿಲ್ಲ. ನಿಮ್ಮ ಬಾವಿಯ ಹತ್ತಿರ ಮತ್ತೊಂದು ಮೋಟಾರು ಇದೆಯೇ, ಇತ್ತೀಚೆಗೆ ಏನಾದರೂ ಬದಲಾಯಿತೇ ಎಂದು ಸಮೀರ ಕೇಳಿದ. ಬಾವಿಯಾಚೆ ಪಕ್ಕದ ಹೊಲದ ಗಂಗಪ್ಪನದು ಒಂದಿತ್ತು. ತಮ್ಮ ಮೋಟಾರು ಸುಟ್ಟು, ರಾಮದುರ್ಗದಲ್ಲಿ ತಂತಿ ಸುತ್ತಿಸಿಕೊಂಡು ಬಂದದ್ದು ಅತ್ತೆ ತೀರಿಕೊಂಡ ವಾರದಲ್ಲೇ. ಎರಡು ಮೋಟಾರು ಹೆಚ್ಚು ಕಡಿಮೆ ಒಂದೇ ವೇಗದಲ್ಲಿ, ಆದರೆ ಕೂದಲೆಳೆ ಅಂತರದಲ್ಲಿ ತಿರುಗಿದರೆ ಎರಡರ ದನಿ ಕೂಡಿ ಒಮ್ಮೆ ದೊಡ್ಡದು, ಒಮ್ಮೆ ಸಣ್ಣದು ಆಗುತ್ತದೆ, ಅದೇ ನಿಮಗೆ ಕಲ್ಲು ಸುತ್ತಿದಂತೆ ಕೇಳುತ್ತಿದೆ ಎಂದು ಸಮೀರ ಬರೆದ. ಆದರೆ ಅಷ್ಟು ದೂರದ ದನಿ ಪಡಸಾಲೆಯಲ್ಲೇ ಯಾಕೆ? ಆಗ ರಘೋತ್ತಮರು ಒಂದೇ ಸಾಲು ಬರೆದರು: “ತಂಗಿ, ಆ ನೆಲದ ಕೆಳಗ ಪೊಳ್ಳು ಏನರ ಅದ ಏನು ನೋಡವಾ.”

ನಾಗರತ್ನಾಳಿಗೆ ಥಟ್ಟನೆ ನೆನಪಾಯಿತು. ಸುಗ್ಗಿಯಲ್ಲಿ ಹೊಸ ಜೋಳ ಮನೆಗೆ ಬಂದ ದಿನ ಅತ್ತೆ ಪಡಸಾಲೆಯ ಒಂದೇ ಒಂದು ಟೈಲ್ಸಿಗೆ ವಿಭೂತಿ ಹಚ್ಚಿ, ಅದರ ಮೇಲೆ ಹಿಡಿ ಜೋಳ ಇಡುತ್ತಿದ್ದಳು. ಅಲ್ಲಿ ಒನಕೆ ಊರಗೊಡುತ್ತಿರಲಿಲ್ಲ. ಮನೆಯ ಪದ್ಧತಿ ಇದ್ದೀತು ಎಂದು ಸೊಸೆ ಕೇಳಿರಲಿಲ್ಲ. ಆ ಟೈಲ್ಸಿನ ಮೇಲೆಯೇ ಈಗ ಐಶ್ವರ್ಯಾಳ ಕಿವಿ ಇತ್ತು.

ಶ್ರೀಶೈಲ ತಲೆ ಕೆರೆದುಕೊಂಡು ನೆನಪಿಸಿಕೊಂಡ. ಅವನು ಬೈಲಹೊಂಗಲದಲ್ಲಿ ಹಾಸ್ಟೆಲಿನಲ್ಲಿದ್ದಾಗ ಅಪ್ಪ ನೆಲ ಮಾಡಿಸಿದ್ದ. ಅಲ್ಲಿ ಹಿಂದೆ ಒಂದು ಹಗೇವು, ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ ಇತ್ತಂತೆ. ಉಂಡ ಅನ್ನದ ಜಾಗಕ್ಕೆ ಮಣ್ಣು ಹಾಕಬಾರದು ಎಂದು ಅವ್ವ ಹಟ ಹಿಡಿದದ್ದಕ್ಕೆ ಅಪ್ಪ ತುಂಬಿಸದೆ ಬಾಯಿಗೆ ಬಂಡೆ ಮುಚ್ಚಿ ಮೇಲೆ ಟೈಲ್ಸ್ ಹಾಕಿಸಿದನಂತೆ. ತಾವೆಲ್ಲ ಇಷ್ಟು ವರ್ಷ ಖಾಲಿ ಹೊಟ್ಟೆಯ ಮೇಲೆ ಮಲಗಿ ಏಳುತ್ತಿದ್ದೆವು ಅನ್ನಿಸಿ ನಾಗರತ್ನಾಳಿಗೆ ಕಾಲು ಮಡಚಿಕೊಳ್ಳಬೇಕು ಎನಿಸಿತು.

ಆದರೂ ಕಾರಣ ಸಿಕ್ಕಿತಲ್ಲ ಎಂದು ಹಗುರವಾದಳು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದಳು. ಹೇಳಿದ್ದನ್ನು ತೋರಿಸಿಬಿಡೋಣ ಎಂದು ಗಂಗಪ್ಪನಿಗೆ ಒಂದು ಗಳಿಗೆ ಮೋಟಾರು ನಿಲ್ಲಿಸಲು ಕೂಗಿ ಹೇಳಿಸಿದಳು. ಆಚೆಯ ಮೋಟಾರು ನಿಂತಿತು. ನೆಲದೊಳಗಿನ ಸುತ್ತೂ ನಿಂತಿತು. ಏರಿಳಿತವಿಲ್ಲದ ಒಂದು ಗುಂಯ್ ಮಾತ್ರ ಉಳಿಯಿತು.

“ನೋಡಿದೇನವ್ವಾ?”

ಐಶ್ವರ್ಯಾ ಬಹಳ ಹೊತ್ತು ಕಿವಿಗೊಟ್ಟಳು. “ಇಬ್ಬರು ಬೀಸಾಕತ್ತಿದ್ರು,” ಎಂದಳು. “ಈಗ ಒಬ್ಬಾಕೀನ ಉಳದಾಳ.”

ಅಂದು ನಾಗರತ್ನಾಳಿಗೆ ತಿಳಿಯಿತು, ಮಗಳಿಗೆ ಬೇಕಾದದ್ದು ಮೋಟಾರಿನ ಲೆಕ್ಕವಲ್ಲ ಎಂದು. ಅವಳ ತಲೆಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಹೆರಳು ಹಾಕುತ್ತ ಕೂತಳು. ಹೆರಳು ಅರ್ಧ ಮುಗಿದಾಗ ಹುಡುಗಿ ತಾನಾಗಿಯೇ ಬಾಯಿ ಬಿಟ್ಟಳು.

“ಅವ್ವಾ, ನೀವು ನನಗ ಹೇಳಲಿಲ್ಲ.”

“ಹೌದವ್ವಾ. ಹೇಳಬೇಕಾಗಿತ್ತು.”

“ಅಜ್ಜಿಗೂ ಯಾರೂ ಹೇಳಿಲ್ಲ ಕಾಣತೈತಿ. ಅದಕ ಇನ್ನೂ ಬೀಸಾಕತ್ಯಾಳ.”

ಹೆರಳು ಮುಗಿಸಿ ನಾಗರತ್ನಾ ಗಂಡನ ಹತ್ತಿರ ಹೋಗಿ, ಹಗೇವು ತೆರೆಯಬೇಕು ಎಂದಳು.

ಮರುದಿನ ಶ್ರೀಶೈಲ ಟೈಲ್ಸ್ ಒಡೆದ. ಬಂಡೆಯ ಸಂದಿಗೆ ಹಾರೆ ಹಾಕಿ ಸರಿಸಿದಾಗ ಹಳೆಯ ಜೋಳದ, ಹಸಿ ಮಣ್ಣಿನ, ಎಷ್ಟೋ ಸುಗ್ಗಿಗಳ ಹಿಂದಿನ ಗಾಳಿ ಮೇಲೆ ಬಂತು. ಸುದ್ದಿ ತಿಳಿದ ರಘೋತ್ತಮರು ಫೋನು ಮಾಡಿಯೇ ಹೇಳಿದ್ದರು, ಯಾರೂ ಇಳಿಯಬಾರದು, ಮುಚ್ಚಿದ ಹಗೇವಿನೊಳಗೆ ಕೆಟ್ಟ ಗಾಳಿ ಇರುತ್ತದೆ, ದೀಪ ಬಿಟ್ಟು ನೋಡಿರಿ ಎಂದು. ನಾಗರತ್ನಾ ಕಂದೀಲಿಗೆ ಹಗ್ಗ ಕಟ್ಟಿ ಬಿಟ್ಟಳು. ಕೈಯಳತೆ ದಾಟಿತೋ ಇಲ್ಲವೋ, ಯಾರೋ ಚಿವುಟಿದಂತೆ ದೀಪ ನಂದಿತು.

ಶ್ರೀಶೈಲನ ಮುಖ ಕಪ್ಪಿಟ್ಟಿತು. ಐಶ್ವರ್ಯಾ ಮಾತ್ರ ಯೋಚಿಸಿ, “ಅಜ್ಜಿ ದೀಪ ಆರಸಂಗಿಲ್ಲ. ಇದು ಆ ಸರ್ ಹೇಳಿದ ಗಾಳೀನ,” ಎಂದಳು. ಆಮೇಲೆ ಹಗೇವಿನ ಬಾಯಿಯ ಹತ್ತಿರ ಹೋದಳು. ನಾಗರತ್ನಾ ಅವಳ ಸೊಂಟವನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

“ಅಜ್ಜೀ,” ಎಂದು ಹುಡುಗಿ ಕತ್ತಲೆಗೆ ಹೇಳಿದಳು, “ನೀ ತೀರಿಕೊಂಡೀ. ನಾ ಊರಾಗ ಇರಲಿಲ್ಲ. ನನಗೂ ಆಮ್ಯಾಲೆ ಹೇಳಿದ್ರು.”

ಅವಳದೇ ದನಿ ಕೆಳಗೆ ಹೋಗಿ, ಗೋಡೆ ಮುಟ್ಟಿ, ದಪ್ಪಗಾಗಿ, ಮುಪ್ಪಾಗಿ ತಿರುಗಿ ಬಂತು. ಪೊಳ್ಳಿನಲ್ಲಿ ದನಿ ಹಾಗೆಯೇ ಬರುತ್ತದೆ ಎಂದು ಈಗ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಶ್ರೀಶೈಲ ಹಾರೆ ಕೆಳಗಿಟ್ಟು ಗೋಡೆಗೆ ಮುಖ ಮಾಡಿದ. ಐಶ್ವರ್ಯಾ ಅಮ್ಮನ ಹೊಟ್ಟೆಗೆ ತಲೆಯಿಟ್ಟು, ಆ ದಿನ ಅಳದೇ ಉಳಿದದ್ದನ್ನೆಲ್ಲ ಅತ್ತಳು. ಅತ್ತು ಮುಗಿದ ಮೇಲೆ ಹಸಿವಾಗಿದೆ ಎಂದಳು.

ಅತ್ತೆಯ ಮಾತು ಮೀರಿ ಹಗೇವನ್ನು ಗರಸು ಮಣ್ಣು ಹಾಕಿ ತುಂಬಿಸಿದರು. ಮೊದಲ ಬುಟ್ಟಿಗೆ ಮುಂಚೆ ನಾಗರತ್ನಾ ಹಿಡಿ ಜೋಳ ಒಳಗೆ ಬಿಟ್ಟಳು. ಅದು ತಳ ಮುಟ್ಟಿದ ಸಪ್ಪಳ ಕೇಳಲಿಲ್ಲ. ಸೋಮವಾರ ಐಶ್ವರ್ಯಾ ಸಾಲೆಗೆ ಹೋದಳು, ಹಿಂದಿರುಗಿ ನೋಡದೆ. ‘ಯಾಕ-ಹೆಂಗ’ದಲ್ಲಿ ಬಸವಣ್ಣೆಪ್ಪ, ಸಪ್ಪಳ ನಿಂತಿತೇನ್ರಿ ಅಕ್ಕಾರ ಎಂದು ಕೇಳಿದ್ದಕ್ಕೆ ನಿಂತಿತು ಎಂದು ಬರೆದಳು. ಎಲ್ಲರೂ ಕೈ ಮುಗಿಯುವ ಚಿತ್ರ ಹಾಕಿದರು. ಸಮೀರ ಇದರ ಮೇಲೆ ಒಂದು ಲೇಖನ ಬರೆಯುತ್ತೇನೆ ಎಂದ.

ಆ ವಾರ ತ್ರೀ ಫೇಸ್ ಮಧ್ಯಾಹ್ನಕ್ಕಿತ್ತು. ಮೋಟಾರು ಚಾಲೂ ಆದ ಕೂಡಲೇ ನಾಗರತ್ನಾಳ ಕೈಯ ಕೆಲಸ ತಾನಾಗಿ ನಿಂತಿತು. ನೆಲ ಮೂಕವಾಗಿತ್ತು. ಪಾತ್ರೆ ಬೋರಲು ಹಾಕಿದಳು, ಬಟ್ಟೆ ಮಡಚಿದಳು, ನಡುನಡುವೆ ನಿಂತು ನಿಂತು ಕೇಳಿದಳು. ಮಗಳನ್ನು ನೆಲದಿಂದ ಎಬ್ಬಿಸಿದ್ದಾಯಿತು. ಆ ಜಾಗದಲ್ಲಿ ಈಗ ತಾನು ಕೂತಂತಾಯಿತು ಅನ್ನಿಸಿತು.

ಕಡೆಗೆ ಮೂಲೆಯ ಬೀಸುಕಲ್ಲನ್ನು ಎಳೆದು, ಒರಗಿಸಿದ ಕಲ್ಲನ್ನು ಮೇಲೆ ಕೂರಿಸಿದಳು. ಸಂಜೆ ನುಚ್ಚು ಮಾಡಿದರೆ ಮಗಳು ಉಂಡಾಳು ಎಂದು ತನಗೆ ತಾನೇ ಹೇಳಿಕೊಂಡಳು. ಮೊದಲ ಸುತ್ತಿಗೆ ರಟ್ಟೆ ಸೋತಿತು. ಒಬ್ಬರೇ ಎಳೆಯುವ ಕಲ್ಲಲ್ಲ ಅದು. ಇನ್ನೊಂದು ಹಿಡಿ ಜೋಳ ಹಾಕಿದಳು. ಆಮೇಲೆ ಕಲ್ಲು ಹಗುರಾಯಿತು. ಗೂಟ ಎದೆಯ ಹತ್ತಿರ ಬಂದು ಭಾರವಾಗಬೇಕಾದ ಕಡೆಯಲ್ಲಿ ಆಚೆಯಿಂದ ಯಾರೋ ಎಳೆದುಕೊಂಡಂತೆ ತಾನಾಗಿ ದಾಟಿ ಹೋಗುತ್ತಿತ್ತು. ನಾಗರತ್ನಾ ಕತ್ತೆತ್ತಲಿಲ್ಲ. ಕೈಯನ್ನೂ ಬಿಡಲಿಲ್ಲ.

ಸಾಲೆ ಬಿಟ್ಟು ಬಂದ ಐಶ್ವರ್ಯಾ ಹೊಸ್ತಿಲಲ್ಲಿ ಚಪ್ಪಲಿ ಕಳಚಿ ಸ್ವಲ್ಪ ಹೊತ್ತು ನೋಡುತ್ತ ನಿಂತಳು. ಪಾಟಿಚೀಲ ಇಳಿಸಿ ಬಂದು ಅಮ್ಮನ ಎದುರಿಗೆ ಕೂತಳು. ನಟ್ಟನಡುವೆ ಕೂರಲಿಲ್ಲ. ಮೊದಲೇ ಒಬ್ಬರು ಕೂತಿರುವ ಕಡೆ ಜಾಗ ಮಾಡಿಕೊಂಡು ಕೂರುವಂತೆ, ಒಂದಿಷ್ಟು ಪಕ್ಕಕ್ಕೆ ಸರಿದು ಕೂತು, ಗೂಟದ ಮೇಲೆ ಕೈ ಇಟ್ಟಳು.

“ಸಾಲ್ಯಾಗ ಏನು ಹೇಳಿಕೊಟ್ರವ್ವಾ?” ಎಂದು ನಾಗರತ್ನಾ ಕೇಳಿದಳು.

ಭಾಗಾಕಾರ ಎಂದಳು ಮಗಳು. ಒಲೆಯ ಕಟ್ಟೆಯ ಮೇಲೆ ಮೊಬೈಲು ಗುಂಯ್ ಎಂದು ನಡುಗಿತು. ಗುಂಪಿನಲ್ಲಿ ಯಾರೋ ಇನ್ನೇನೋ ಕೇಳುತ್ತಿದ್ದರು. ನಾಗರತ್ನಾಳ ಹತ್ತಿರವೂ ಈಗ ಒಂದು ಪ್ರಶ್ನೆ ಇತ್ತು. ಅದನ್ನು ಅವಳು ಅಲ್ಲಿ ಕೇಳಲಿಲ್ಲ.