ಇಡ್ಲಿ ಹಿಟ್ಟಿನ ಸಾಲಿನಲ್ಲಿ ಖಡಕ್ ರೊಟ್ಟಿ

ಆಳಂದದ ಕುಸುಮಾವತಿಯವರು ಮದುವೆಯಾಗಿ ನಾಸಿಕ್‌ಗೆ ಬಂದು ಮೂವತ್ತೆಂಟು ವರ್ಷ. ಗಂಡ ವಿಶ್ವನಾಥಪ್ಪ ಓಝರ್‌ನ ವಿಮಾನ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ, ಓಣಿಯ ಇಬ್ಬರು ಹೆಂಗಸರನ್ನು ಕೂಡಿಸಿಕೊಂಡು ಜೋಳದ ಖಡಕ್ ರೊಟ್ಟಿ ಮಾಡಿ ಮಾರತೊಡಗಿದರು. ಹತ್ತಿರದ ಸೂಪರ್ ಮಾರ್ಕೆಟ್ಟಿನವರು ಒಂದು ತಿಂಗಳು ಇಟ್ಟು ನೋಡಲು ಒಪ್ಪಿದ್ದರು. ಮೂರನೇ ವಾರವೇ ಫೋನ್ ಬಂತು, ಪೊಟ್ಟಣಗಳು ಹೋಗುತ್ತಿಲ್ಲವೆಂದು.

ಮೊಮ್ಮಗಳು ಅಪೇಕ್ಷಾಳನ್ನು ಕರೆದುಕೊಂಡು ಅಂಗಡಿಗೆ ಹೋದರು. ಠೇಚಾ ಎಂಬ ಹಸಿಮೆಣಸಿನಕಾಯಿ ಚಟ್ನಿ, ಶೇಂಗಾ ಚಟ್ನಿ ಇದ್ದಲ್ಲಿ ಹುಡುಕಿದರೆ ರೊಟ್ಟಿಯ ಸುಳಿವಿಲ್ಲ. ಕೊನೆಗೆ ಅಪೇಕ್ಷಾಳ ಕಣ್ಣಿಗೆ ಬಿತ್ತು. 'ಸೌತ್ ಇಂಡಿಯನ್' ಎಂಬ ಫಲಕದ ಕೆಳಗೆ, ಇಡ್ಲಿ ಹಿಟ್ಟು ಸಾಂಬಾರ್ ಪುಡಿಗಳ ನಡುವೆ. ಅಜ್ಜಿಗೆ ನಗುವೂ ಬಂತು, ಕಸಿವಿಸಿಯೂ ಆಯಿತು.

ಮ್ಯಾನೇಜರ್ ಮಧುಕರ ನಲವತ್ತರ ಆಸುಪಾಸಿನ ಸೌಮ್ಯ ಮನುಷ್ಯ. ಅರ್ಜಿಯಲ್ಲಿ ಮಾಡುವವರ ಊರು ಕರ್ನಾಟಕ ಅಂತ ಇದ್ದರೆ ಕಂಪ್ಯೂಟರ್ ಆ ಸಾಲಿಗೇ ಹಾಕುತ್ತದೆ ಎಂದು ಮರಾಠಿಯಲ್ಲಿ ವಿವರಿಸಿದರು. ಕುಸುಮಾವತಿಯವರು ವಾದಕ್ಕಿಳಿಯಲಿಲ್ಲ. ಒಂದು ಪೊಟ್ಟಣ ಒಡೆದು, ಮನೆಯಿಂದ ತಂದಿದ್ದ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಚ್ಚಿ, ಒಂದು ಚೂರು ತಿಂದು ನೋಡಿ ಎಂದು ಕೈಗಿತ್ತರು.

ಮಧುಕರ ಅಗಿಯುತ್ತ ಅಗಿಯುತ್ತ ಒಡೆದ ಪೊಟ್ಟಣವನ್ನು ಕೈಗೆತ್ತಿಕೊಂಡರು. ಆಮೇಲೆ ಕನ್ನಡದಲ್ಲಿ ಹೇಳಿದರು: "ಅಕ್ಕಲಕೋಟದಾಗ ನಮ್ಮವ್ವ ಹಿಂಗೇ ಮಾಡ್ತಿದ್ಲರಿ. ಈ ಪೊಟ್ಟಣ ನನ್ನ ಕೈಯಿಂದನ ಇಟ್ಟೀನಿ. ಒಳಗ ಏನದ ಅಂತ ನೋಡಿದ್ದಿಲ್ಲ."

ತಾಯಿ ತೀರಿ ನಾಲ್ಕು ವರ್ಷವಾಯಿತಂತೆ. ಆಮೇಲೆ ಮನೆಯಲ್ಲಿ ರೊಟ್ಟಿಯೂ ಇಲ್ಲ, ಕನ್ನಡವೂ ಇಲ್ಲ.

ಶೇಂಗಾ ಚಟ್ನಿಯ ಪಕ್ಕಕ್ಕೇ ಇಡಿಸುತ್ತೇನೆ, ಆದರೆ ರೊಟ್ಟಿಯ ಮರಾಠಿ ಹೆಸರು 'ಕಡಕ್ ಭಾಕರಿ' ಎಂದು ಬರೆದರೆ ಇಲ್ಲಿಯವರಿಗೆ ಗುರುತು ಹತ್ತುತ್ತದೆ ಎಂದರು. ಕುಸುಮಾವತಿಯವರ ಮನಸ್ಸು ಒಂದು ಕ್ಷಣ ಅಳುಕಿತು.

"ಭಾಕರಿ ಅಂತ ಬರೀರಿ, ಬ್ಯಾಡನ್ನಂಗಿಲ್ಲ. ರೊಟ್ಟಿ ಅನ್ನೋದು ಮಾತ್ರ ಅಳಿಸಬ್ಯಾಡ್ರಿ."

ಎರಡೂ ಹೆಸರಿನ ಚೀಟಿಗಳನ್ನು ಅಪೇಕ್ಷಾಳೇ ಬರೆದಳು. ಅಜ್ಜಿಯ ಕನ್ನಡಕ್ಕೆಲ್ಲ ಮರಾಠಿಯಲ್ಲೇ ಉತ್ತರಿಸುವ ಹುಡುಗಿ, 'ಟ್ಟಿ' ಬರೆಯುವುದು ಹೇಗೆಂದು ನಾಲ್ಕು ಸಲ ಕೇಳಿ, ಒತ್ತಕ್ಷರವನ್ನು ತಿದ್ದಿ ತಿದ್ದಿ ಕಲಿತಳು. ಹದಿನೈದು ದಿನದಲ್ಲಿ ರೊಟ್ಟಿಯ ಸಾಲು ಖಾಲಿಯಾಗಿ, ಇನ್ನಷ್ಟು ಕಳಿಸಿ ಎಂದು ಮಧುಕರರೇ ಫೋನ್ ಮಾಡಿದರು. ಕುಸುಮಾವತಿಯವರು ಅವರನ್ನು ಭಾನುವಾರ ಊಟಕ್ಕೆ ಬರಹೇಳಿದರು.

ಅಂದು ಖಡಕ್ ರೊಟ್ಟಿಯಲ್ಲ, ಹಂಚಿನಿಂದ ಆಗಷ್ಟೇ ಇಳಿಸಿದ ಮೆತ್ತನೆಯ ರೊಟ್ಟಿ, ಎಣ್ಣೆಗಾಯಿ. ಮಧುಕರ ಅಡುಗೆಮನೆಯ ಬಾಗಿಲಲ್ಲೇ ನೆಲದ ಮೇಲೆ ಕೂತು, ಬಹಳ ದಿನ ಆಡದ ಕನ್ನಡದಲ್ಲಿ ತಡವರಿಸುತ್ತ ತಾಯಿಯ ಕಥೆ ಹೇಳುತ್ತ, ಮೂರನೇ ರೊಟ್ಟಿಗೆ ತಟ್ಟೆ ಚಾಚಿದರು.