ಟರ್ನಿಂಗ್ ಡ್ಯೂಟಿ

ಜೂನ್ ಮುಗಿದು ಮಳೆ ಹಿಡಿಯಿತೆಂದರೆ ಬಾಪೂಜಿ ನಗರದ ಶಶಿಕಲಾಳ ಮನೆಯಿಂದ ಹಳೇ ಪೇಪರು ರದ್ದಿಗೆ ಹೋಗುವುದು ನಿಲ್ಲುತ್ತಿತ್ತು. ಭಾನುವಾರ ಕೆಸರು ಮೆತ್ತಿಕೊಂಡು ಬಂದ ಶೂಗಳನ್ನು ತೊಳೆದು, ಒಳಗೆ ಪೇಪರಿನ ಉಂಡೆ ತುರುಕಿ, ಫ್ರಿಜ್ಜಿನ ಹಿಂದೆ ಒರಗಿಸಿಟ್ಟರೆ ಮಂಗಳವಾರಕ್ಕೆ ಒಣಗುತ್ತಿದ್ದವು. ಅತ್ತೆ ವಿಮಲಮ್ಮ, "ಅಡುಗೆಮನೇಲಿ ಯಾರಾದ್ರೂ ಶೂ ಇಡ್ತಾರೇನೇ?" ಎಂದು ವರ್ಷಕ್ಕೊಂದು ಸಲ ಗದರಿ, ಆಮೇಲೆ ತಾವೇ ಒದ್ದೆ ಪೇಪರು ತೆಗೆದು ಒಣ ಪೇಪರು ತುಂಬುತ್ತಿದ್ದರು.

ಶೂ ಮಗಳು ಸ್ಪಂದನಳದು. ಮೊದಲ ಪಿಯುಸಿ. ಅವಳು ಓಡುವುದು ಸ್ಟೇಡಿಯಮ್ಮಿನ ಟ್ರ್ಯಾಕಿನಲ್ಲಲ್ಲ. ಗುಡ್ಡ, ಕೆಸರು, ಕಲ್ಲುದಾರಿ, ಒಟ್ಟು ನಾಲ್ಕು ಕಿಲೋಮೀಟರು. ಜುಲೈಯಿಂದ ಡಿಸೆಂಬರಿನವರೆಗೆ ಹೆಚ್ಚುಕಮ್ಮಿ ಎಲ್ಲ ಭಾನುವಾರವೂ ಮನೆಯವರೆಲ್ಲ ನಾಲ್ಕೂಮುಕ್ಕಾಲಿಗೆ ಏಳಬೇಕು. ನಾಯಂಡಹಳ್ಳಿಯಲ್ಲಿ ಲೇತ್ ವರ್ಕ್‌ಶಾಪು ಇಟ್ಟಿರುವ ಗಂಡ ಮಂಜುನಾಥ್ ತನ್ನ ಓಮ್ನಿಯಿಂದ ಕಬ್ಬಿಣದ ಸಾಮಾನು ಇಳಿಸಿ, ಸೀಟು ಒರೆಸಿ, ದಾರಿಯಲ್ಲಿ ಇನ್ನೂ ಮೂವರು ಹುಡುಗಿಯರನ್ನು ಹತ್ತಿಸಿಕೊಳ್ಳುತ್ತಿದ್ದ. ಆದರೂ ಇಳಿಯುವಾಗ ಎಲ್ಲರ ಬಟ್ಟೆಗೂ ಗ್ರೀಸಿನ ವಾಸನೆ ಇರುತ್ತಿತ್ತು.

ಮಕ್ಕಳನ್ನು ಬಿಟ್ಟು ಮನೆಗೆ ಹೋಗಿ ಮಲಗುವ ಹಾಗಿರಲಿಲ್ಲ. ಕ್ಲಬ್ಬಿನ ಕೋಚ್ ಮಹದೇವ್ ಅವರದು ಒಂದೇ ಮಾತು: "ಬಿಟ್ ಹೋಗೋರೂ ಬೇಡ, ನಿಂತ್ಕೊಂಡು ಕಿರುಚೋರೂ ಬೇಡ. ಮನೆಗೊಂದು ಕೆಲ್ಸ." ಶುಕ್ರವಾರ ಸಂಜೆ ಗ್ರೂಪಿಗೆ ಪಟ್ಟಿ ಬರುತ್ತಿತ್ತು. ಬಾಳೆಹಣ್ಣು ತರುವವರು, ಬ್ಯಾಗು ಕಾಯುವವರು, ಎದೆಗೆ ನಂಬರು ಚುಚ್ಚುವವರು. ಯಾರಿಗೂ ಬೇಡವಾದ ಕೆಲಸವೆಂದರೆ ಟರ್ನಿಂಗು. ಎರಡು ಕಿಲೋಮೀಟರು ದೂರದ ನೀಲಗಿರಿ ತೋಪಿನಲ್ಲಿ ಒಂದು ಡ್ರಮ್ಮಿನ ಪಕ್ಕ ನಿಂತು, ಅದನ್ನು ಸುತ್ತಿ ವಾಪಸಾಗುವ ಪ್ರತಿಯೊಬ್ಬರ ಅಂಗೈಗೂ ಕೆಂಪು ರಬ್ಬರ್ ಬ್ಯಾಂಡು ಇಡಬೇಕು. ಬ್ಯಾಂಡಿಲ್ಲದೆ ಮುಗಿಸಿದರೆ ಓಟ ಲೆಕ್ಕಕ್ಕಿಲ್ಲ; ಹಿಂದೊಮ್ಮೆ ಯಾರೋ ಅರ್ಧದಾರಿಯಲ್ಲೇ ಮರಗಳ ಮಧ್ಯೆ ನುಸುಳಿ ವಾಪಸು ಬಂದಿದ್ದರಂತೆ. ಅಲ್ಲಿಂದ ಸ್ಟಾರ್ಟೂ ಕಾಣದು, ಫಿನಿಶ್ಶೂ ಕಾಣದು. ವಿಡಿಯೋ ತೆಗೆಯುತ್ತಾ ಮೈಮರೆಯುತ್ತಾರೆಂದು ಫೋನನ್ನೂ ಬಿಟ್ಟು ಹೋಗಬೇಕು.

ಸೀಸನ್ನಿನ ಕೊನೆಯ ಓಟದ ಪಟ್ಟಿಯಲ್ಲಿ ಟರ್ನಿಂಗಿನ ಎದುರು ಶಶಿಕಲಾಳ ಹೆಸರಿತ್ತು.

ಇದು ಮಗಳದೇ ಕೆಲಸ ಎಂಬ ಗುಮಾನಿ ಅವಳಿಗೆ. ಆಗಸ್ಟಿನಲ್ಲಿ ಕೆಂಗೇರಿಯ ಓಟದಲ್ಲಿ ಅವಳು ಹಗ್ಗದ ಈಚೆಯಿಂದ ಮಗಳ ಜೊತೆಗೇ ಓಡುತ್ತಾ "ಉಸಿರು! ಉಸಿರು ಬಿಡೇ!" ಎಂದು ಕೂಗಿದ್ದೇ ತಪ್ಪಾಯಿತು. ಅಂದಿನಿಂದ ಹುಡುಗಿಯರ ಬಾಯಲ್ಲಿ ಅವಳು ಉಸಿರಾಂಟಿ. ಸ್ಪಂದನ ಒಂದು ವಾರ ಸರಿಯಾಗಿ ಮಾತಾಡಿರಲಿಲ್ಲ.

ಈ ಕೊನೆಯ ಓಟದಲ್ಲಿ ಮೊದಲ ಆರು ಜನ ಜಿಲ್ಲೆಯ ಟೀಮಿಗೆ. ಸ್ಪಂದನ ಸೀಸನ್ನಿಡೀ ಬಂದದ್ದು ಏಳನೆಯದು, ಇಲ್ಲವೇ ಎಂಟನೆಯದು. ಏಳನೆಯವಳ ಪಾಡೆಂದರೆ ಆರು ಜನರ ಟ್ರ್ಯಾಕ್‌ಸೂಟು ಹಿಡಿದು ನಿಲ್ಲುವುದು. ಹೋದ ವರ್ಷ ಅದನ್ನು ಅವಳು ನಗುನಗುತ್ತಲೇ ಮಾಡಿದ್ದಳು. ಮನೆಗೆ ಬಂದು ಬಚ್ಚಲಿನಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಕೂತಿದ್ದು ಶಶಿಕಲಾಳಿಗೆ ಮಾತ್ರ ಗೊತ್ತಿತ್ತು.

ತೋಪಿನಲ್ಲಿ ಅವಳ ಜೊತೆಗಿದ್ದವಳು ಲಗ್ಗೆರೆಯ ಪುಟ್ಟಲಕ್ಷ್ಮಿ. ಗಾರ್ಮೆಂಟ್ಸಿನಲ್ಲಿ ಕೆಲಸ. ಅವಳ ಮಗಳು ರಂಜಿನಿ ಗಟ್ಟಿಗಿತ್ತಿ. ಮೊದಲ ಮೂವರಲ್ಲಿ ಇದ್ದೇ ಇರುತ್ತಿದ್ದಳು. ಹಾಗಾಗಿ ಪುಟ್ಟಲಕ್ಷ್ಮಿ ಕಡಲೆಕಾಯಿ ತಿನ್ನುತ್ತಾ ಆರಾಮಾಗಿದ್ದಳು.

"ನಾನು ನಂಬರ್ ಬರ್ಕೋತೀನಿ ಅಕ್ಕ, ನೀವ್ ಬ್ಯಾಂಡ್ ಕೊಡಿ. ಯಾಕಕ್ಕಾ ಬ್ಯಾಂಡ್ ಹಂಗ್ ಎಣಿಸ್ತಾನೇ ಇದೀರಾ? ಓಡೋರು ಅವ್ರಲ್ವಾ?"

"ಅಭ್ಯಾಸ," ಎಂದಳು ಶಶಿಕಲಾ.

ವಿಜಯನಗರದ ಒಂದು ಕಾಲೇಜಿನ ಆಫೀಸಿನಲ್ಲಿ ಹದಿನಾಲ್ಕು ವರ್ಷದಿಂದ ಹಾಲ್ ಟಿಕೆಟ್ಟುಗಳ ತಪ್ಪು ಹುಡುಕುವವಳು ಅವಳು. ಒಂದು ಇನಿಷಿಯಲ್ಲೂ ಅವಳ ಕಣ್ಣು ತಪ್ಪಿಸಿ ಹೋದದ್ದಿಲ್ಲ. ಈ ಹೊತ್ತಿಗೂ ಒಂದು ಉಪಾಯ ಮಾಡಿಕೊಂಡು ಬಂದಿದ್ದಳು: ಯಾರ ಮುಖವನ್ನೂ ನೋಡುವುದಿಲ್ಲ, ಬರೀ ಕೈ ನೋಡುವುದು. ಮುಖ ನೋಡಿದರೆ ತಾನೇ ಬಾಯಿಂದ ಏನಾದರೂ ಬರುವುದು?

ಕೆಸರಿನ ಚಪಚಪ ಸದ್ದು ಮೊದಲು ಬಂತು, ಆಮೇಲೆ ಹುಡುಗಿಯರು. ಒಂದು ಕೈ, ಒಂದು ಬ್ಯಾಂಡು. ಇನ್ನೊಂದು ಕೈ. ಮೂರನೆಯದು ರಂಜಿನಿಯದಿರಬೇಕು, ಪುಟ್ಟಲಕ್ಷ್ಮಿ "ಹೋಗೇ ನನ್ ಬಂಗಾರ!" ಎಂದಳು. ನಾಲ್ಕು. ಐದು. ಕೆಲಸ ಸಲೀಸಾಗಿಯೇ ನಡೆದಿತ್ತು.

ಆರನೆಯ ಕೈಯ ಮಣಿಕಟ್ಟಿನ ಮೇಲೆ ದೋಸೆ ಕಾವಲಿ ತಾಗಿ ಸುಟ್ಟ ಸಣ್ಣ ಕಂದು ಕಲೆ ಇತ್ತು.

ಶಶಿಕಲಾ ಮುಖ ಎತ್ತಿದಳು. ಮಗಳ ತುಟಿ ಒಣಗಿ ಬೆಳ್ಳಗಾಗಿತ್ತು. ಆರನೆಯವಳು, ಆರನೆಯವಳು ಎಂದು ಒಳಗೊಳಗೇ ಕೂಗಿಕೊಳ್ಳುತ್ತಿದ್ದರೆ ಬಾಯಿಯಿಂದ ಬಂದದ್ದು ಬೇರೆಯೇ.

"ನೀರು ಬೇಕಾ?"

ಸ್ಪಂದನ ಡ್ರಮ್ಮು ಸುತ್ತಿ ಹೊರಟೇ ಹೋದಳು. ಬ್ಯಾಂಡು ಶಶಿಕಲಾಳ ಬೆರಳಲ್ಲೇ ಉಳಿದಿತ್ತು. ಅದು ಅವಳಿಗೆ ಹೊಳೆದದ್ದು, ಹಿಂದೆ ಬಂದವಳು ಆ ಬ್ಯಾಂಡನ್ನು ಬೆರಳಿಂದ ಕಿತ್ತುಕೊಂಡು ಹೋದಾಗ. ಅವಳ ಬೆನ್ನಿಗೇ ಬಂದವಳಿಗೆ ಇನ್ನೊಂದು ಕೊಟ್ಟಳು. ಅಷ್ಟರಲ್ಲಿ,

"ಅಮ್ಮಾ! ಬ್ಯಾಂಡು!"

ಇಪ್ಪತ್ತು ಹೆಜ್ಜೆ ಹೋದವಳು ಎದುರು ಬರುತ್ತಿದ್ದವರನ್ನು ತಪ್ಪಿಸಿಕೊಂಡು ವಾಪಸು ಓಡಿಬಂದಿದ್ದಳು. ಬ್ಯಾಂಡು ಕಿತ್ತುಕೊಂಡು ಒಂದು ನೋಟ ನೋಡಿದಳು. ಅಡುಗೆಮನೆಯ ಶೂ ನೋಡಿದ ವಿಮಲಮ್ಮನವರ ನೋಟವೇ ಅದು. ಮತ್ತೆ ಹೊರಟಳು, ಈಗ ಎಂಟನೆಯವಳಾಗಿ.

ಪುಟ್ಟಲಕ್ಷ್ಮಿ ಬಾಯಿಗೆ ಹಾಕಿಕೊಳ್ಳಬೇಕಾದ ಕಡಲೆಕಾಯಿ ಕೈಯಲ್ಲೇ ಹಿಡಿದಿದ್ದಳು. "ಅಲ್ಲಾ ಅಕ್ಕ, ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ ಅಂತಾರೆ. ನೀವ್ ಹೆತ್ತ ತಾಯಾಗಿ ತುತ್ತು ಕಿತ್ಕೊಂಡ್ರಲ್ಲ!" ಎಂದವಳು ಶಶಿಕಲಾಳ ಮುಖ ನೋಡಿ ಮೆತ್ತಗಾದಳು. "ಬಿಡಿ, ಇನ್ನೂ ಎರಡು ಕಿಲೋಮೀಟ್ರಿದೆ."

ಕೊನೆಯವಳು ಬರುವವರೆಗೆ ಜಾಗ ಬಿಡುವ ಹಾಗಿಲ್ಲ. ಕೈಗಳು ಬರುತ್ತಲೇ ಇದ್ದವು. ಅತ್ತ ಓಟ ಮುಗಿದು, ಯಾರು ಆರು ಯಾರು ಏಳು ಎಂದು ಊರಿಗೆಲ್ಲ ಗೊತ್ತಾಗಿರಬೇಕು; ಇತ್ತ ಇವಳಿಗೆ ಒಂದು ಸದ್ದೂ ಇಲ್ಲ. ಬಚ್ಚಲಿನ ನಲ್ಲಿಯ ಸದ್ದೊಂದು ಮಾತ್ರ ಕಿವಿಯಲ್ಲಿ ಕೇಳುತ್ತಿತ್ತು. ಹದಿನಾಲ್ಕು ವರ್ಷ ಬೇರೆಯವರ ಮಕ್ಕಳ ಟಿಕೆಟ್ಟು ತಿದ್ದಿ, ಸ್ವಂತ ಮಗಳದನ್ನು ಹೀಗೆ ಕೈಯಾರೆ ಹರಿದೆನಲ್ಲ ಎಂದುಕೊಂಡಳು.

ಬಹಳ ಹೊತ್ತಿನ ಮೇಲೆ ಕೊನೆಯವಳು ಬಂದಳು. ಬೇರೆ ಕ್ಲಬ್ಬಿನ ದುಂಡು ಮುಖದ ಹುಡುಗಿ, ಪಕ್ಕೆ ಹಿಡಿದುಕೊಂಡು ನಡೆಯುತ್ತಿದ್ದಳು. ಶಶಿಕಲಾ ಮೊದಲು ಬ್ಯಾಂಡು ಕೊಟ್ಟಳು. ಅದು ಅಂಗೈಯಲ್ಲಿ ಕೂತದ್ದನ್ನು ಕಣ್ಣಾರೆ ನೋಡಿ, ಆಮೇಲೆ ಕೇಳಿದಳು.

"ನೀರು ಬೇಕಾ ಪುಟ್ಟಾ?"

"ಹೂಂ ಆಂಟಿ." ಹುಡುಗಿ ಬಾಟಲಿ ಎತ್ತಿ ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು, ಮೆಲ್ಲಗೆ ಓಡತೊಡಗಿದಳು.

ವಾಪಸು ದಾರಿಯಲ್ಲಿ ಒಂದು ಏರು ಸಿಕ್ಕಿತು. ಸ್ಪಂದನ ಊಟಕ್ಕೆ ಕೂತಾಗಲೆಲ್ಲ ಬೈಯುತ್ತಿದ್ದ ಏರು ಇದೇ ಇರಬೇಕು. ಅರ್ಧಕ್ಕೆ ಶಶಿಕಲಾ ಬಾಯಿ ತೆರೆದು ಏದುಸಿರು ಬಿಡುತ್ತಾ ಮರಕ್ಕೆ ಒರಗಿದಳು. ಬೆಳಗಿನ ಜಾವದ ಓಟಗಳನ್ನೆಲ್ಲ ಕಾದು ನಿಂತು ನೋಡಿದ್ದಳು, ಅಂದಿನವರೆಗೆ ಒಂದು ದಿನವೂ ಆ ದಾರಿಯ ಮೇಲೆ ಕಾಲಿಟ್ಟಿರಲಿಲ್ಲ. ಇದನ್ನು ಓಡುತ್ತಾ ಹತ್ತುವವಳಿಗೆ ತಾನು ಹಗ್ಗದಾಚೆಯಿಂದ ಉಸಿರಾಡುವುದನ್ನು ಹೇಳಿಕೊಡಲು ಹೋಗಿದ್ದೆ ಎಂದು ನೆನೆದು, ಆ ಸಂಕಟದಲ್ಲೂ ನಗು ಬಂತು.

ಮೈದಾನದ ಅಂಚಿನಲ್ಲೇ ಮಹದೇವ್ ಸಿಕ್ಕರು. "ಮೇಡಂ, ಬನ್ನಿ ಇಲ್ಲಿ. ಟರ್ನಿಂಗಲ್ಲಿ ಮಗಳಿಗೆ ಏನ್ ಮಾಡಿದ್ರಿ?"

"ಸಾರ್, ತಪ್ಪು ನಂದೇ ಸಾರ್. ಅವಳದೇನೂ..."

"ದಿನಾ ಕೊನೇ ಕಿಲೋಮೀಟ್ರು ಮದುವೆಮನೆಗೆ ಬರೋಳ ಹಂಗೆ ಬರ್ತಿದ್ಲು. ಇವತ್ತು ಲಾಸ್ಟ್ ಬಸ್ಸು ತಪ್ಪೋಗುತ್ತೆ ಅನ್ನೋ ಹಂಗೆ ಬಂದ್ಲು ನೋಡಿ! ಇಬ್ರನ್ನ ಹೊಡೆದು ಆರನೇದು!"

"ಆರನೇದಾ?"

"ಆರನೇದು," ಎಂದ ಪಕ್ಕದಲ್ಲಿದ್ದ ಮಂಜುನಾಥ್. "ವಿಡಿಯೋ ಇದೆ. ಆದ್ರೆ ಬರೀ ಆಕಾಶ ಬಂದ್ಬಿಟ್ಟಿದೆ ಕಣೇ, ಕೈ ಅಲ್ಲಾಡ್ತು."

ಸ್ಪಂದನ ಟಾರ್ಪಾಲಿನ ಮೇಲೆ ಕೂತು ಶೂ ಬಿಚ್ಚುತ್ತಿದ್ದಳು. ಕೆಂಪು ಬ್ಯಾಂಡು ಇನ್ನೂ ಮಣಿಕಟ್ಟಿನಲ್ಲಿತ್ತು, ಸುಟ್ಟ ಕಲೆಯ ಮೇಲೆ. ಶಶಿಕಲಾ ಪಕ್ಕದಲ್ಲಿ ಕುಳಿತಳು. ಅಳಬಾರದೆಂದು ಕಣ್ಣನ್ನು ಶೂ ಮೇಲಿಟ್ಟಳು.

"ಸಾರ್‌ಗೆ ಹೇಳಿದ್ಯಾ?"

"ಏನಂತ ಹೇಳ್ಲಿ? ನಮ್ಮಮ್ಮ ರೇಸ್ ಮಧ್ಯದಲ್ಲಿ ಹೋಟೆಲ್ ಸಪ್ಲೈಯರ್ ಥರ ನೀರು ಬೇಕಾ ಅಂತ ಕೇಳಿದ್ರು ಅಂತಾನಾ?"

"ಸಾರಿ ಕಣೇ."

"ಎಷ್ಟ್ ಕೋಪ ಬಂತು ಗೊತ್ತಾ? ಕೋಪದಲ್ಲಿ ಆ ಏರು ಬಂದು ಹೋಗಿದ್ದೇ ಗೊತ್ತಾಗ್ಲಿಲ್ಲ." ಅವಳು ಒಂದು ಶೂ ಕಳಚಿ ಕೆಸರು ಕೊಡವಿದಳು. "ಮುಂದಿನ ವರ್ಷಾನೂ ನೀನು ಟರ್ನಿಂಗಲ್ಲೇ ನಿಂತ್ಕೋ."

"ಬೇಡಮ್ಮ. ನಾನು ಬಾಳೆಹಣ್ಣು ತರ್ತೀನಿ."

"ಹಗ್ಗದ ಹತ್ರ ಬಾಳೆಹಣ್ಣು ಹಿಡ್ಕೊಂಡು ಕೂಗೋಕಾ? ಟರ್ನಿಂಗೇ. ಆದ್ರೆ ನೀರು ಕೇಳ್ಬಾರ್ದು." ಇನ್ನೊಂದು ಶೂವಿನ ಲೇಸಿಗೆ ಕೈ ಹಾಕಿ, ಅದರ ಕಡೆಗೇ ನೋಡುತ್ತಾ ಹೇಳಿದಳು, "ಬೇಕಾದ್ರೆ ಈಗ ಕೇಳು."

"ನೀರು ಬೇಕಾ?"

"ಹೂಂ."

ಶಶಿಕಲಾ ಚೀಲಕ್ಕೆ ಕೈ ಹಾಕಿದಳು. ಬಾಟಲಿ ಖಾಲಿ. ಇನ್ನೊಂದು ಬಾಟಲಿ ಓಮ್ನಿಯಲ್ಲಿತ್ತು, ಮೈದಾನದ ಆಚೆ ತುದಿಗೆ. ಅವಳು ಎದ್ದು, ಚೂಡಿದಾರವನ್ನು ಮಂಡಿವರೆಗೆ ಎತ್ತಿ ಹಿಡಿದು, ಕೆಸರಿನಲ್ಲಿ ಓಡತೊಡಗಿದಳು. ಹಿಂದಿನಿಂದ ಹುಡುಗಿಯರೆಲ್ಲ ಚಪ್ಪಾಳೆ ಹೊಡೆಯುತ್ತಾ ಕೂಗುತ್ತಿದ್ದರು.

"ಆಂಟೀ, ಉಸಿರು! ಉಸಿರು ಬಿಡಿ ಆಂಟೀ!"

ಎಲ್ಲಕ್ಕಿಂತ ಜೋರಾಗಿದ್ದದ್ದು ಸ್ಪಂದನಳ ದನಿ.