ಎರಡನೇ ಮನೆಯ ಕೀಲಿಕೈ

ವಿಂಟರ್‌ಕೋಂಬಿನ ಚರ್ಚಿನ ಬಾಗಿಲ ಪಕ್ಕ ಒಂದು ಹಳೇ ಹಲಗೆ ಇದೆ: 'ಕೀಲಿಕೈ ಎದುರಿನ ಎರಡನೇ ಮನೆಯಲ್ಲಿ ಸಿಗುತ್ತದೆ.' ಎರಡನೇ ಮನೆ ನಮ್ಮದು. ಗೇಣುದ್ದದ ಕಬ್ಬಿಣದ ಕೀಲಿಕೈ ಅಡುಗೆಮನೆಯ ಮೊಳೆಗೆ ತೂಗುತ್ತಿತ್ತು. ಮುತ್ತಜ್ಜನಿಂದ ನನ್ನಜ್ಜ ಅರ್ನಿ ಟ್ರಾಸ್ಕ್‌ನ ಕೈಗೆ ಬಂದದ್ದು, ಮುಂದೆ ನನಗೆ ಬರಬೇಕಾದದ್ದು. ಹದಿನಾರಕ್ಕೇ ಶಾಲೆಗೆ ಕೈಮುಗಿದು ನಾನು ಹಂದಿ ಸಾಕಣೆಯ ಕೆಲಸಕ್ಕೆ ಸೇರಿದಾಗ ಅಮ್ಮ ಅತ್ತಳು. ಅಜ್ಜ ಮಾತ್ರ ಮೊಳೆಯ ಕಡೆ ಕೈ ತೋರಿಸಿ, "ಓದಿದ್ರೆ ಇದು ಸಿಗ್ತಿತ್ತೇನೋ? ಬಿಡು" ಅಂದಿದ್ದ.

ಹಳೇ ಚರ್ಚುಗಳನ್ನು ಹುಡುಕಿಕೊಂಡು ಬರುವವರು ನಮ್ಮ ಬಾಗಿಲು ತಟ್ಟುತ್ತಿದ್ದರು. ಅಜ್ಜ ಅರ್ಧ ಕುಡಿದ ಚಹಾ ಬಿಟ್ಟೆದ್ದು, ಟೋಪಿ ಹಾಕಿಕೊಂಡು ಹೋಗಿ ತೆರೆಯುತ್ತಿದ್ದ. ನಂತರ ಅವರನ್ನು ಒಳಗೆ ಸರ್ ಹ್ಯೂನ ಗೋರಿಯ ಮುಂದೆ ನಿಲ್ಲಿಸುತ್ತಿದ್ದ. ಗೋರಿಯ ಮೇಲೆ ಏಳುನೂರು ವರ್ಷದಿಂದ ಮಲಗಿರುವ ಕಲ್ಲಿನ ಯೋಧ, ಕಾಲ ಮೇಲೆ ಕಾಲು, ಪಾದದ ಹತ್ತಿರ ಮೂಗು ಮುರಿದ ನಾಯಿ.

ಲಂಡನ್ನಿನಿಂದ ಬಂದು ಮೂರೇ ವರ್ಷವಾಗಿದ್ದ ಮಿಸೆಸ್ ಪೆಟ್ಟಿಫರ್ ಚರ್ಚಿನ ಆಡಳಿತ ಹಿಡಿದಳು. ಅವಳಿಗೆ ಬಾಗಿಲಿಗೆ ಅಂಕಿ ಒತ್ತುವ ಬೀಗ ಬೇಕಿತ್ತು. ಆದರೆ ಅರ್ನಿಯ ಕೈಯಿಂದ ಕೀಲಿಕೈ ಕಿತ್ತುಕೊಂಡರೆ ಊರು ಬಾಯಿಗೆ ಬಂದಂತೆ ಅನ್ನುತ್ತಿತ್ತು. ಅವನಾಗಿಯೇ ಕೊಡಬೇಕಿತ್ತು.

ಸೆಪ್ಟೆಂಬರಿನಲ್ಲಿ ಸುತ್ತಲಿನ ಐದು ಚರ್ಚುಗಳನ್ನು ಒಂದೇ ದಿನ ನೋಡಲು ಒಂದು ಬಸ್ಸು ತುಂಬ ಜನ ಬರುವುದಿತ್ತು. ಅವಳು ನಮ್ಮ ಮನೆಗೇ ಬಂದಳು. ಊರಿಗೆಲ್ಲ ಅರ್ನಿಯಾದ ಅಜ್ಜನನ್ನು ಅವಳು ಮಾತ್ರ ಪೂರ್ತಿ ಹೆಸರಿನಿಂದ ಕರೆಯುತ್ತಿದ್ದಳು.

"ಅರ್ನೆಸ್ಟ್, ಸರ್ ಹ್ಯೂ ಕಥೆ ನೀವೇ ಹೇಳ್ಬೇಕಪ್ಪ. ನಿಮ್ ಥರ ಯಾರಿಗೆ ಬರತ್ತೆ ಹೇಳಿ."

ಅಜ್ಜಿಯ ಮಣ್ಣಿನ ದಿನ ಹಾಕಿದ್ದ ಸೂಟನ್ನು ಅಜ್ಜ ಹೊರಗೆ ತೆಗೆಸಿದ.

ಆ ದಿನ ನಲವತ್ತು ಜನ ಗೋರಿಯ ಸುತ್ತ ನಿಂತರು. "ಪಾದದ ಹತ್ರ ಕಾಲು ಅಡ್ಡ ಇದ್ರೆ ಒಂದ್ಸಲ ಜೆರುಸಲೇಮಿಗೆ ಯುದ್ಧಕ್ಕೆ ಹೋಗ್ಬಂದವ್ನೆ ಅಂತ," ಅಂದ ಅಜ್ಜ. "ಮಂಡಿ ಹತ್ರ ಇದ್ರೆ ಎರಡ್ಸಲ. ನಮ್ಮೋನ್ ನೋಡಿ, ತೊಡೆ ಹತ್ರ. ಮೂರ್ಸಲ."

ಫೋಟೋ ತೆಗೆದರು. ಮಿಸೆಸ್ ಪೆಟ್ಟಿಫರ್ ಮುಗಿಯುವ ತನಕ ಕಾದಳು. ಆಮೇಲೆ ಚೀಲದಿಂದ ಕಾಗದ ತೆಗೆದಳು.

"ಚೆನ್ನಾಗಿತ್ತು ಅರ್ನೆಸ್ಟ್. ಈಗ ನಿಜ ಏನು ಅಂತ ನೋಡೋಣ್ವಾ? ಕಾಲು ಹೀಗೆ ಕೆತ್ತೋದು ಆಗಿನ ಶಿಲ್ಪಿಗಳ ಫ್ಯಾಷನ್ ಅಷ್ಟೆ. ಯುದ್ಧಕ್ಕೂ ಅದಕ್ಕೂ ಸಂಬಂಧ ಇಲ್ಲ. ಸರ್ ಹ್ಯೂ ಇಲ್ಲೇ ಪಕ್ಕದ ಬ್ರಿಸ್ಟಲ್ ಪೇಟೆ ದಾಟಿದ ದಾಖಲೆನೇ ಇಲ್ಲ. ಅಲ್ಲಿಗೂ ಹೋಗಿದ್ದು ಕುರಿ ವ್ಯಾಜ್ಯಕ್ಕೆ."

ಕೆಂಪು ಜಾಕೆಟ್ಟಿನ ಒಬ್ಬ ಗೋರಿಯ ಮೇಲೆ ಬಗ್ಗಿ ನೋಡಿದ. "ಕಾಲು ಒತ್ತಿಕೊಂಡಿರೋದು ನೋಡಿದ್ರೆ, ಪಾಪ, ಕಕ್ಕಸಿಗೆ ಅರ್ಜೆಂಟಾಗಿತ್ತು ಅನ್ಸತ್ತೆ."

ನಲವತ್ತು ಜನ ನಕ್ಕರು. ನಾನೂ ನಕ್ಕೆ. ಯಾಕೆ ಅಂತ ಕೇಳಬೇಡಿ, ನಗು ಬಂತು. ಕಲ್ಲಿನ ಗೋಡೆಗಳ ನಡುವೆ ನಗು ಬೇಗ ಸಾಯುವುದಿಲ್ಲ; ಉಳಿದವರದೆಲ್ಲ ನಿಂತ ಮೇಲೂ ನನ್ನದು ಕೇಳುತ್ತಿತ್ತು. ಅಜ್ಜ ಅವಳ ಕಡೆ ನೋಡಲಿಲ್ಲ, ಜಾಕೆಟ್ಟಿನವನ ಕಡೆಯೂ ನೋಡಲಿಲ್ಲ. ನನ್ನ ಕಡೆ ನೋಡಿದ.

"ನಮ್ಮಪ್ಪ ಹೇಳಿದ್ದು," ಅಂದ.

"ಹೌದೌದು. ಎಲ್ಲರಪ್ಪಂದಿರೂ ಏನೋ ಒಂದು ಹೇಳಿರ್ತಾರೆ," ಅಂದಳು ಅವಳು, ಮಗುವಿಗೆ ಅನ್ನುವ ಹಾಗೆ.

ಅಜ್ಜ ಕೀಲಿಕೈಯನ್ನು ಸರ್ ಹ್ಯೂನ ಎದೆಯ ಮೇಲಿಟ್ಟು ಹೊರಗೆ ಹೋದ. ಅವಳು ಎತ್ತಿಕೊಂಡು, "ಅಬ್ಬ, ಎಷ್ಟು ಭಾರ ಇದೆ," ಎಂದು ಅದನ್ನು ಬಂದವರಿಗಾಗಿ ಹಾಕಿದ್ದ ಕೇಕಿನ ಮೇಜಿನ ಮೇಲಿಟ್ಟಳು. ಮೇಜಿನ ಕೆಳಗೆ ಹೊಸ ಬೀಗದ ಪೆಟ್ಟಿಗೆ ಆಗಲೇ ಬಂದು ಕೂತಿತ್ತು.

ನಾನು ಹೊರಗಿನ ಗೋರಿಗಳ ನಡುವೆ ಓಡಿ ಅಜ್ಜನನ್ನು ಹಿಡಿದೆ. "ಅವಳ ಮೂತಿಗೆ ಬಿಡ್ಬೇಕಿತ್ತು ಅಜ್ಜ. ಈಗ್ಲೂ ಹೇಳು, ಹೋಗಿ ಬಿಟ್ಟು ಬರ್ತೀನಿ."

"ನಗೋದು ಮುಗೀತಾ?" ಅಂದ. ಅಷ್ಟೇ.

ಸೋಮವಾರ ಬೀಗ ಬದಲಾಯಿತು. ಅಂಕಿ ಬೇಕಾದವರು ಅವಳಿಗೆ ಫೋನ್ ಮಾಡಬೇಕು. ಹಲಗೆಯನ್ನು ಮಾತ್ರ ಅವಳು ತೆಗೆಸಲಿಲ್ಲ. ಹಳೇದಂತೆ, ನೋಡಲು ಚೆಂದವಂತೆ.

ಹಾಗಾಗಿ ಜನ ಈಗಲೂ ನಮ್ಮ ಬಾಗಿಲು ತಟ್ಟುತ್ತಾರೆ. ಹೋದ ವಾರ ಗಂಡಹೆಂಡತಿ ಇಬ್ಬರು ಬಂದರು. ಅಜ್ಜ ಟೋಪಿಯಿಲ್ಲದೆ ಎದ್ದು ಹೋಗಿ ತೆರೆದ.

"ಕೀಲಿಕೈ ಇಟ್ಕೊಂಡಿದ್ದೋನು ಸತ್ತೋದ," ಅಂದ.

"ಅಯ್ಯೋ, ಪಾಪ," ಅಂದಳು ಆ ಹೆಂಗಸು. "ಅವ್ರ ಮನೆಯೋರು ಯಾರೂ ಇಲ್ವಾ? ಮಗ, ಮೊಮ್ಮಗ?"

ಅಜ್ಜ ತಿರುಗಿ, ಮೇಜಿನ ಮುಂದೆ ಬ್ರೆಡ್ಡು ತಿನ್ನುತ್ತಿದ್ದ ನನ್ನನ್ನು ನೋಡಿದ.

"ಇಲ್ಲ," ಅಂದು ಬಾಗಿಲು ಹಾಕಿದ.